ನೀರಿಗೊಂದು ದಾರಿ, ಊಟಕ್ಕೊಂದು ದಾರಿ: ಜಠರ ಖಾಲಿಯಾಗುವುದರಲ್ಲಿ ನರಗಳ ಕೆಲಸ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಜಠರಕ್ಕೆ ಬರುವ ಒಂದು ನರವನ್ನು ಕತ್ತರಿಸಿದರೆ ಎರಡು ತದ್ವಿರುದ್ಧ ಸಂಗತಿಗಳು ನಡೆಯುತ್ತವೆ. ಕುಡಿದ ನೀರು ಮೊದಲಿಗಿಂತ ಬೇಗ ಕರುಳಿಗೆ ಇಳಿಯುತ್ತದೆ. ತಿಂದ ಗಟ್ಟಿ ಊಟ ಮಾತ್ರ ಗಂಟೆಗಟ್ಟಲೆ ಅಲ್ಲೇ ಕೂತುಬಿಡುತ್ತದೆ. ನರ ಒಂದೇ, ಕತ್ತರಿಸಿದ್ದು ಒಂದೇ ಸಲ. ಒಂದು ಬೇಗ ಆಯಿತು, ಇನ್ನೊಂದು ನಿಧಾನ ಆಯಿತು. ಇದು ಯಾಕೆ ಹೀಗೆ ಅನ್ನುವುದು ಗೊತ್ತಾದರೆ ಇವತ್ತಿನ ವಿಷಯ ಮುಕ್ಕಾಲು ಪಾಲು ಗೊತ್ತಾದ ಹಾಗೆ.

ಆ ನರದ ಹೆಸರು ವೇಗಸ್. ಮೆದುಳಿನಿಂದ ನೇರವಾಗಿ ಹೊರಡುವ 12 ಜೋಡಿ ನರಗಳಲ್ಲಿ ಇದು ಹತ್ತನೆಯದು. ಕುತ್ತಿಗೆ, ಎದೆ ದಾಟಿ ಅನ್ನನಾಳಕ್ಕೆ ಅಂಟಿಕೊಂಡೇ ಕೆಳಗಿಳಿಯುತ್ತದೆ. ಜಠರದ ಹತ್ತಿರ ಬರುವಾಗ ಮುಂದೊಂದು, ಹಿಂದೊಂದು ಎಳೆಯಾಗಿರುತ್ತದೆ. 1943ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಸರ್ಜನ್ ಲೆಸ್ಟರ್ ಡ್ರಾಗ್‌ಸ್ಟೆಡ್ ಅಲ್ಸರ್ ರೋಗಿಗಳಲ್ಲಿ ಈ ಎರಡೂ ಎಳೆಗಳನ್ನು ಕತ್ತರಿಸುವ ಆಪರೇಷನ್ ಶುರು ಮಾಡಿದರು. ಅವರ ಲೆಕ್ಕಾಚಾರ ಸರಳವಾಗಿತ್ತು. ಜಠರಕ್ಕೆ ಆಸಿಡ್ ಸುರಿಸು ಎಂದು ಹೇಳುವುದು ವೇಗಸ್. ಆ ಮಾತೇ ತಲುಪದಿದ್ದರೆ ಆಸಿಡ್ ಕಡಿಮೆಯಾಗುತ್ತದೆ, ಹುಣ್ಣು ಮಾಗುತ್ತದೆ. ಹಾಗೇ ಆಯಿತು ಕೂಡ. ಹುಣ್ಣು ಮಾಗಿತು.

ಆದರೆ ಸಾಕಷ್ಟು ರೋಗಿಗಳಿಗೆ ಹೊಸ ತೊಂದರೆ ಶುರುವಾಯಿತು. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದ ಹಾಗೆ. ಹಿಂದಿನ ದಿನ ತಿಂದದ್ದು ವಾಂತಿಯಲ್ಲಿ ಹಾಗೇ ಬರುವುದು. ಆಸಿಡ್ ನಿಲ್ಲಿಸಲು ಹೊರಟವರು ಜಠರದ ಓಡಾಟವನ್ನೂ ನಿಲ್ಲಿಸಿಬಿಟ್ಟಿದ್ದರು. ಆಮೇಲಿನ ವರ್ಷಗಳಲ್ಲಿ ಊಟಕ್ಕೆ ವಿಕಿರಣ ಸೂಸುವ ವಸ್ತುವನ್ನು ತುಸು ಬೆರೆಸಿ ಕ್ಯಾಮೆರಾದಲ್ಲಿ ಹಿಂಬಾಲಿಸುವ ವಿಧಾನ ಬಂತು. 1970ರ ದಶಕದಲ್ಲಿ ಗಟ್ಟಿ ಊಟಕ್ಕೆ ಒಂದು ಗುರುತು, ದ್ರವಕ್ಕೆ ಇನ್ನೊಂದು ಗುರುತು ಹಾಕಿ ಎರಡನ್ನೂ ಒಟ್ಟಿಗೆ ನೋಡುವುದೂ ಸಾಧ್ಯವಾಯಿತು. ಆಗ ಚಿತ್ರ ಸ್ಪಷ್ಟವಾಯಿತು. ನರ ಕತ್ತರಿಸಿದವರಲ್ಲಿ ದ್ರವ ಜಾಸ್ತಿ ವೇಗವಾಗಿ ಇಳಿಯುತ್ತಿತ್ತು, ಗಟ್ಟಿ ಪದಾರ್ಥ ನಿಂತಿರುತ್ತಿತ್ತು.

ಇದಕ್ಕೆ ಕಾರಣ ಜಠರದ ಒಳಗೇ ಇದೆ. ನೋಡಲು ಒಂದೇ ಚೀಲ. ಆದರೆ ಮೇಲಿನ ಭಾಗ ಮಾಡುವ ಕೆಲಸ ಬೇರೆ, ಕೆಳಗಿನ ಭಾಗ ಮಾಡುವ ಕೆಲಸ ಬೇರೆ.

ಮೇಲಿನ ಭಾಗ, ಅಂದರೆ ಫಂಡಸ್ ಮತ್ತು ಅದರ ಪಕ್ಕದ ಜಾಗ, ಬಂದದ್ದನ್ನು ಇಟ್ಟುಕೊಳ್ಳುತ್ತದೆ. ಒಂದು ಬಲೂನಿಗೆ ನೀರು ತುಂಬುತ್ತಾ ಹೋದರೆ ಒಳಗಿನ ಒತ್ತಡ ಏರುತ್ತದೆ. ಜಠರದಲ್ಲಿ ಹಾಗಾಗುವುದಿಲ್ಲ. ಒಂದು ಲೀಟರ್‌ಗಿಂತ ಜಾಸ್ತಿ ತುಂಬಿದರೂ ಒತ್ತಡ ಸ್ವಲ್ಪವೇ ಏರುತ್ತದೆ. ಯಾಕೆಂದರೆ ತುತ್ತು ನುಂಗಿದ ತಕ್ಷಣ, ಅದು ಇನ್ನೂ ಅನ್ನನಾಳದಲ್ಲಿ ಇರುವಾಗಲೇ, ಜಠರದ ಮೇಲ್ಭಾಗ ತನ್ನ ಸ್ನಾಯುವನ್ನು ಸಡಿಲ ಬಿಡುತ್ತದೆ. ಅಮೆರಿಕದ ವಿಜ್ಞಾನಿಗಳಾದ ವಾಲ್ಟರ್ ಕ್ಯಾನನ್ ಮತ್ತು ಲೀಬ್ 1911ರಲ್ಲಿ ಇದನ್ನು ತೋರಿಸಿದರು. ಊಟ ಬರುತ್ತಿದೆ ಎಂಬ ಸುದ್ದಿ ವೇಗಸ್ ಮೂಲಕವೇ ಮೆದುಳಿನ ಬುಡಕ್ಕೆ ಹೋಗುತ್ತದೆ, ಸಡಿಲಾಗು ಎಂಬ ಆದೇಶ ಅದೇ ವೇಗಸ್ ಮೂಲಕ ಕೆಳಗೆ ಬರುತ್ತದೆ. ಜಠರದ ಗೋಡೆಯೊಳಗಿನ ನರಕೋಶಗಳು ಆಗ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಬಿಡುತ್ತವೆ. ಸ್ನಾಯು ಮೆತ್ತಗಾಗುತ್ತದೆ.

ಇಲ್ಲೊಂದು ವಿಷಯ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ವೇಗಸ್ ಎಂದರೆ ಜಠರವನ್ನು ಚುರುಕು ಮಾಡುವ ನರ ಅಂತ ಶಾಲೆಯಲ್ಲಿ ಓದಿರುತ್ತೇವೆ. ಅದು ಅರ್ಧ ಮಾತ್ರ ನಿಜ. ಅದೇ ನರದಲ್ಲಿ ಹಿಡಿತ ಬಿಗಿ ಮಾಡುವ ಎಳೆಗಳೂ ಇವೆ, ಸಡಿಲ ಮಾಡುವ ಎಳೆಗಳೂ ಇವೆ. ಬಿಗಿ ಮಾಡುವ ದಾರಿ ಅಸಿಟೈಲ್‌ಕೋಲಿನ್ ಎಂಬ ನರ ರಾಸಾಯನಿಕದಲ್ಲಿ ಮುಗಿಯುತ್ತದೆ, ಸಡಿಲ ಮಾಡುವ ದಾರಿ ಮುಖ್ಯವಾಗಿ ನೈಟ್ರಿಕ್ ಆಕ್ಸೈಡ್‌ನಲ್ಲಿ. ಊಟದ ಹೊತ್ತಿನಲ್ಲಿ ಮೇಲ್ಭಾಗಕ್ಕೆ ಸಡಿಲ ಮಾಡುವ ಸುದ್ದಿ ಜಾಸ್ತಿ ಹೋಗುತ್ತದೆ, ಕೆಳಭಾಗಕ್ಕೆ ಬಿಗಿ ಮಾಡುವ ಸುದ್ದಿ ಜಾಸ್ತಿ ಹೋಗುತ್ತದೆ.

ದ್ರವ ಕೆಳಗಿಳಿಯುವುದು ಹೆಚ್ಚಾಗಿ ಈ ಮೇಲ್ಭಾಗದ ಒತ್ತಡದಿಂದ. ಜಠರದ ಒಳಗೆ ಒತ್ತಡ ಸ್ವಲ್ಪ ಜಾಸ್ತಿ, ಆಚೆ ಸಣ್ಣ ಕರುಳಿನಲ್ಲಿ ಸ್ವಲ್ಪ ಕಡಿಮೆ, ನಡುವಿನ ಬಾಗಿಲು ತೆರೆದಿದ್ದರೆ ನೀರು ಹರಿದುಹೋಗುತ್ತದೆ. ಅದನ್ನು ಅರೆಯಬೇಕಾಗಿಲ್ಲ. ಖಾಲಿ ಹೊಟ್ಟೆಯಲ್ಲಿ ಕುಡಿದ ಸಾದಾ ನೀರಿನ ಅರ್ಧ ಭಾಗ ಸುಮಾರು 10ರಿಂದ 20 ನಿಮಿಷದಲ್ಲಿ ಕರುಳು ಸೇರುತ್ತದೆ. ಮೊದಮೊದಲು ಜೋರಾಗಿ, ಉಳಿದದ್ದು ಕಡಿಮೆಯಾಗುತ್ತಾ ಬಂದ ಹಾಗೆ ನಿಧಾನವಾಗಿ.

ಆ ದ್ರವದಲ್ಲಿ ಸಕ್ಕರೆಯೋ ಕೊಬ್ಬೋ ಇದ್ದರೆ ಕಥೆ ಬೇರೆ. ಮೊದಲ ಗುಟುಕು ಸಣ್ಣ ಕರುಳು ತಲುಪಿದ ಕೂಡಲೇ ಕರುಳು ತಡೆ ಹಾಕುತ್ತದೆ. ಅಲ್ಲಿನ ಕೋಶಗಳು ಕೋಲಿಸಿಸ್ಟೋಕೈನಿನ್ ಎಂಬ ಹಾರ್ಮೋನ್ ಬಿಡುತ್ತವೆ. ಅದು ಪಕ್ಕದಲ್ಲೇ ಇರುವ ವೇಗಸ್ ತುದಿಗಳನ್ನು ಮುಟ್ಟುತ್ತದೆ. ಸುದ್ದಿ ಮೇಲೆ ಹೋಗಿ ಬರುವಷ್ಟರಲ್ಲಿ ಫಂಡಸ್ ಇನ್ನಷ್ಟು ಸಡಿಲ, ಕೆಳಭಾಗ ಮಂದ, ಬಾಗಿಲು ಬಿಗಿ. ಪೋಷಕಾಂಶ ಇರುವ ದ್ರವ ಹೀಗೆ ನಿಮಿಷಕ್ಕೆ ಸುಮಾರು 2ರಿಂದ 3 ಕಿಲೋಕ್ಯಾಲರಿ ಲೆಕ್ಕದಲ್ಲಿ ಮಾತ್ರ ಇಳಿಯುತ್ತದೆ. ಎಷ್ಟು ಲೋಟ ಕುಡಿದಿರಿ ಎನ್ನುವುದಕ್ಕಿಂತ ಅದರಲ್ಲಿ ಎಷ್ಟು ಶಕ್ತಿ ಇದೆ ಎನ್ನುವುದೇ ಇಲ್ಲಿ ಮುಖ್ಯ. ವೇಗಸ್ ನರದ ಎಳೆಗಳಲ್ಲಿ ಸುಮಾರು ಶೇ. 80ರಷ್ಟು ಕೆಳಗಿನಿಂದ ಮೇಲಕ್ಕೆ ಸುದ್ದಿ ಒಯ್ಯುವಂಥವು. ನನಗೆ ಇದು ಇವತ್ತಿಗೂ ಬೆರಗು ಹುಟ್ಟಿಸುವ ಸಂಗತಿ. ಮೆದುಳು ಹೊಟ್ಟೆಗೆ ಹೇಳುವುದಕ್ಕಿಂತ ಹೊಟ್ಟೆಯಿಂದ ಕೇಳಿಸಿಕೊಳ್ಳುವುದೇ ಜಾಸ್ತಿ.

ಈಗ ಗಟ್ಟಿ ಊಟಕ್ಕೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಇದು ಹತ್ತಿರದಿಂದ ನೋಡುವಂಥದ್ದು.

ಜಠರದ ಮಧ್ಯಭಾಗದಲ್ಲಿ, ಹೊರಬಾಗಿನ ಅಂಚಿನಲ್ಲಿ, ವಿದ್ಯುತ್ ಅಲೆ ಹುಟ್ಟುವ ಜಾಗ ಒಂದಿದೆ. ಅಲ್ಲಿಂದ ನಿಮಿಷಕ್ಕೆ ಸುಮಾರು 3 ಅಲೆಗಳು ಕೆಳಗಿಳಿಯುತ್ತವೆ. ಅವು ನರಗಳಲ್ಲಿ ಹುಟ್ಟುವುದಿಲ್ಲ. ಸ್ನಾಯುವಿನ ಮಧ್ಯೆ ಜಾಲದ ಹಾಗೆ ಹರಡಿದ ಕಹಾಲ್ ಕೋಶಗಳಲ್ಲಿ ಹುಟ್ಟುತ್ತವೆ. 1906ರ ನೊಬೆಲ್ ಪಡೆದ ಸ್ಪೇನಿನ ಸಾಂಟಿಯಾಗೊ ರಾಮೋನ್ ಇ ಕಹಾಲ್ ಅವರ ಹೆಸರೇ ಈ ಕೋಶಗಳಿಗೆ ಇದೆ. ಅಲೆ ಬಂದ ಮಾತ್ರಕ್ಕೆ ಸ್ನಾಯು ಗಟ್ಟಿಯಾಗಿ ಹಿಂಡುವುದಿಲ್ಲ. ಅಲೆ ಬರೀ ತಾಳ ಹಾಕುತ್ತದೆ. ಆ ಹೊತ್ತಿಗೆ ನರ ಅಸಿಟೈಲ್‌ಕೋಲಿನ್ ಬಿಟ್ಟಿದ್ದರೆ ಹಿಡಿತ ಜೋರಾಗಿರುತ್ತದೆ. ಬಿಡದಿದ್ದರೆ ಅಲೆ ಸುಮ್ನೆ ಹಾದುಹೋಗುತ್ತದೆ.

ಒಂದು ಗಟ್ಟಿ ತುಣುಕನ್ನು ಕಣ್ಣ ಮುಂದೆ ತಂದುಕೊಳ್ಳಿ. ಅಗಿದು ನುಂಗಿದ್ದೇ, ಆದರೂ ಅರ್ಧ ಸೆಂಟಿಮೀಟರ್ ಇದೆ ಅನ್ನಿ. ಜಠರದ ಕೆಳಭಾಗಕ್ಕೆ, ಅಂದರೆ ಆಂಟ್ರಮ್‌ಗೆ ಬಂದಿದೆ. ಮೇಲಿನಿಂದ ಹಿಡಿತದ ಒಂದು ಉಂಗುರ ಅದನ್ನು ನೂಕಿಕೊಂಡು ಬರುತ್ತದೆ. ಮುಂದಿರುವ ಬಾಗಿಲು ಪೈಲೋರಸ್. ಉಂಗುರ ಆಂಟ್ರಮ್‌ನ ಮಧ್ಯದಲ್ಲಿ ಇರುವಾಗ ಬಾಗಿಲು ಸ್ವಲ್ಪ ತೆರೆದಿರುತ್ತದೆ. ನೀರು, ನುಣ್ಣಗಾದ ಪುಡಿ ಆಗ ಆಚೆ ಹೋಗುತ್ತವೆ. ದೊಡ್ಡ ತುಣುಕು ಹಿಂದೆ ಬೀಳುತ್ತದೆ. ಅದು ಬಾಗಿಲ ಹತ್ತಿರ ಬರುವಷ್ಟರಲ್ಲಿ ಬಾಗಿಲು ಮುಚ್ಚಿಯಾಗಿರುತ್ತದೆ. ಉಂಗುರ ಮಾತ್ರ ನಿಲ್ಲುವುದಿಲ್ಲ, ಇನ್ನೂ ಬಿಗಿಯಾಗುತ್ತಾ ಬರುತ್ತದೆ. ಮುಂದೆ ಹೋಗಲು ದಾರಿಯಿಲ್ಲದ ತುಣುಕು ಆ ಉಂಗುರದ ಕಿರಿದಾದ ಮಧ್ಯದಿಂದ ರಭಸವಾಗಿ ಹಿಂದಕ್ಕೆ ಚಿಮ್ಮುತ್ತದೆ. ಆಗ ಅದರ ಅಂಚು ಸವೆಯುತ್ತದೆ. 20 ಸೆಕೆಂಡ್ ಬಿಟ್ಟು ಇನ್ನೊಂದು ಅಲೆ. ಮತ್ತೆ ನೂಕು, ಮತ್ತೆ ಬಾಗಿಲು ಬಂದ್, ಮತ್ತೆ ಹಿಂದಕ್ಕೆ. ತುಣುಕು 1ರಿಂದ 2 ಮಿಲಿಮೀಟರ್‌ಗೆ ಇಳಿಯುವವರೆಗೂ ಇದೇ ನಡೆಯುತ್ತದೆ.

ಅದಕ್ಕೇ ಗಟ್ಟಿ ಊಟ ಮಾಡಿದ ಮೊದಲ ಅರ್ಧ ಗಂಟೆ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಹೊತ್ತು, ಸ್ಕ್ಯಾನ್‌ನಲ್ಲಿ ಏನೂ ಇಳಿದ ಹಾಗೆ ಕಾಣುವುದಿಲ್ಲ. ಜಠರ ಸೋಮಾರಿಯಾಗಿ ಕೂತಿದೆ ಅಂತಲ್ಲ, ಅರೆಯುತ್ತಿದೆ. ಅರೆದದ್ದು ಸಾಕಷ್ಟು ಆದ ಮೇಲೆ ಹೆಚ್ಚು ಕಡಿಮೆ ಒಂದೇ ವೇಗದಲ್ಲಿ ಇಳಿಯುತ್ತಾ ಹೋಗುತ್ತದೆ.

ಎಷ್ಟು ಅರೆದರೂ ಸಣ್ಣದಾಗದ ನಾರು, ಬೀಜ ಇಂಥವು? ಅವು ಕಾಯುತ್ತವೆ. ಊಟವೆಲ್ಲ ಇಳಿದು ಜಠರ ಖಾಲಿಯಾದ ಮೇಲೆ ಸುಮಾರು 90ರಿಂದ 120 ನಿಮಿಷಕ್ಕೊಮ್ಮೆ ಜೋರಾದ ಅಲೆಗಳ ಒಂದು ಗುಂಪು ಬರುತ್ತದೆ. ಆಗ ಪೈಲೋರಸ್ ಅಗಲವಾಗಿ ತೆರೆದುಕೊಳ್ಳುತ್ತದೆ. ಉಳಿದದ್ದೆಲ್ಲ ಗುಡಿಸಿಕೊಂಡು ಹೋಗುತ್ತದೆ.

ಈಗ ಆ ಕತ್ತರಿಸಿದ ನರಕ್ಕೆ ವಾಪಸ್ ಬಂದರೆ ಒಗಟು ತಾನಾಗಿಯೇ ಬಿಡಿಸಿಕೊಳ್ಳುತ್ತದೆ, ಅಲ್ವಾ? ವೇಗಸ್ ಹೋಯಿತು. ಮೇಲ್ಭಾಗಕ್ಕೆ ಸಡಿಲಾಗು ಎನ್ನುವವರಿಲ್ಲ. ಗೋಡೆ ಬಿಗಿಯಾಗೇ ಇರುತ್ತದೆ, ಒತ್ತಡ ಏರುತ್ತದೆ, ನೀರು ಬೇಗ ಓಡುತ್ತದೆ. ಕೆಳಭಾಗಕ್ಕೆ ಗಟ್ಟಿಯಾಗಿ ಹಿಂಡು ಎನ್ನುವವರೂ ಇಲ್ಲ. ಅರೆಯುವ ಕೆಲಸ ಕೆಟ್ಟಿತು. ಗಟ್ಟಿ ತುಣುಕು ಸಣ್ಣದಾಗುವುದಿಲ್ಲ, ಸಣ್ಣದಾಗದೆ ಬಾಗಿಲು ದಾಟುವುದಿಲ್ಲ.

ಸರ್ಜನ್‌ಗಳು ಮೊದಲು ಕಂಡುಕೊಂಡ ಉಪಾಯ ಬಾಗಿಲನ್ನೇ ಕೊಯ್ದು ಅಗಲ ಮಾಡುವುದು. ಊಟ ಇಳಿಯಿತು. ಆದರೆ ತಡೆಯೇ ಇಲ್ಲದ ಕಾರಣ ಕೆಲವರಲ್ಲಿ ಸಿಹಿ ದ್ರವ ಒಮ್ಮೆಲೇ ಕರುಳಿಗೆ ಸುರಿದು ಬೆವರು, ತಲೆಸುತ್ತು, ಎದೆಬಡಿತ, ಭೇದಿ ಶುರುವಾಯಿತು. ಆಮೇಲೆ ಬಂದ ಉಪಾಯ ಇನ್ನೂ ಸೂಕ್ಷ್ಮವಾದದ್ದು. ವೇಗಸ್‌ನಿಂದ ಆಂಟ್ರಮ್‌ಗೆ ಹೋಗುವ ಕೊನೆಯ ಕೊಂಬೆಗಳಿಗೆ ಲಾಟರ್ಜೆ ನರ ಎನ್ನುತ್ತಾರೆ. ಅದನ್ನು ಹಾಗೇ ಉಳಿಸಿ, ಆಸಿಡ್ ಸುರಿಸುವ ಮೇಲಿನ ಭಾಗಕ್ಕೆ ಹೋಗುವ ಎಳೆಗಳನ್ನು ಮಾತ್ರ ಒಂದೊಂದಾಗಿ ಬಿಡಿಸಿ ಕತ್ತರಿಸುವುದು. ತಾಳ್ಮೆ ಬೇಡುವ ಕೆಲಸ. ಫಲಿತಾಂಶ ನೋಡಿ: ಆಂಟ್ರಮ್ ಅರೆಯುವುದನ್ನು ಬಿಡಲಿಲ್ಲ, ಗಟ್ಟಿ ಊಟ ಹೆಚ್ಚು ಕಡಿಮೆ ಮೊದಲಿನ ಹಾಗೇ ಇಳಿಯಿತು. ದ್ರವ ಮಾತ್ರ ಬೇಗ ಇಳಿಯಿತು. ಎರಡು ಕೆಲಸಕ್ಕೆ ಎರಡು ನರದಾರಿ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಅಲ್ಸರ್‌ಗೆ ನರ ಕತ್ತರಿಸುವುದು ಈಗ ತೀರಾ ಅಪರೂಪ. ಆಸಿಡ್ ತಗ್ಗಿಸುವ ಒಳ್ಳೆಯ ಮಾತ್ರೆಗಳು ಬಂದವು. ಹೆಚ್ಚಿನ ಅಲ್ಸರ್‌ಗಳ ಹಿಂದೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಇದೆ ಎಂದು ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ತೋರಿಸಿದರು. 2005ರಲ್ಲಿ ಅವರಿಗೆ ನೊಬೆಲ್ ಬಂತು. ಆ ಆಪರೇಷನ್ ಕಾಲ ಮುಗಿದರೂ ಅದು ಕಲಿಸಿದ್ದು ಉಳಿದಿದೆ.

ವೇಗಸ್ ಜೊತೆಗೆ ಸಿಂಪಥೆಟಿಕ್ ನರಗಳ, ಅಂದರೆ ಸಿಟ್ಟು, ಗಾಬರಿಯ ಹೊತ್ತಿನಲ್ಲಿ ಚುರುಕಾಗುವ ನರಗಳ ಮಾತೂ ಬರಬೇಕು. ಇವು ಬೆನ್ನುಹುರಿಯ ಎದೆ ಮಟ್ಟದಿಂದ ಹೊರಟು, ಜಠರದ ಹಿಂದಿರುವ ಸೀಲಿಯಾಕ್ ನರಗಂಟಿಗೆ ಬಂದು, ಅಲ್ಲಿಂದ ಜಠರದ ಗೋಡೆಗೆ ಹೋಗುತ್ತವೆ. ಇವು ಬಿಡುವ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಅಸಿಟೈಲ್‌ಕೋಲಿನ್ ಬಿಡುಗಡೆಯನ್ನೇ ತಡೆಯುತ್ತದೆ. ಜಠರ ಮಂದವಾಗುತ್ತದೆ. 1898ರಲ್ಲಿ, ಎಕ್ಸ್-ರೇ ಕಂಡುಹಿಡಿದು ಮೂರೇ ವರ್ಷಕ್ಕೆ, ಮೊದಲು ಹೇಳಿದ ಅದೇ ವಾಲ್ಟರ್ ಕ್ಯಾನನ್ ಬೆಕ್ಕುಗಳಿಗೆ ಎಕ್ಸ್-ರೇಯಲ್ಲಿ ಕಾಣುವ ಬಿಸ್ಮತ್ ಬೆರೆಸಿದ ಊಟ ಕೊಟ್ಟು ಜಠರದ ಅಲೆಗಳನ್ನು ನೋಡಿದ್ದನ್ನು ಪ್ರಕಟಿಸಿದರು. ಬೆಕ್ಕು ಸಿಟ್ಟಾದರೆ, ಗಾಬರಿಯಾದರೆ ಅಲೆಗಳು ನಿಂತುಬಿಡುತ್ತಿದ್ದವು. ಬೆಕ್ಕು ಶಾಂತವಾದರೆ ಮತ್ತೆ ಶುರು. ಅದಕ್ಕೂ ಮುಂಚೆ ಅಮೆರಿಕದ ಸೇನಾ ವೈದ್ಯ ವಿಲಿಯಂ ಬ್ಯೂಮಾಂಟ್ ಇಂಥದ್ದೇ ಮಾತು ಬರೆದಿದ್ದರು. 1822ರಲ್ಲಿ ಗುಂಡು ತಗುಲಿ ಹೊಟ್ಟೆಯಲ್ಲಿ ಮುಚ್ಚದ ತೂತು ಉಳಿದಿದ್ದ ಅಲೆಕ್ಸಿ ಸೇಂಟ್ ಮಾರ್ಟಿನ್ ಅವರ ಜಠರವನ್ನು ವರ್ಷಗಟ್ಟಲೆ ನೋಡಿ, ಸಿಟ್ಟು ಬಂದಾಗ ಜೀರ್ಣ ಕೆಡುತ್ತದೆ ಎಂದು 1833ರಲ್ಲಿ ಪ್ರಕಟಿಸಿದರು. ಚಿಂತೆಯಲ್ಲಿದ್ದಾಗ ತಿಂದದ್ದು ಕಲ್ಲಿನ ಹಾಗೆ ಕೂತಿದೆ ಎಂದು ಯಾರಾದರೂ ಹೇಳಿದರೆ ಅದು ಬರೀ ಭ್ರಮೆಯಲ್ಲ. ಅಲ್ಲಿ ಅರೆಯುವ ಅಲೆ ನಿಜವಾಗಿಯೂ ಮಂದವಾಗಿರಬಹುದು.

ಆದರೆ ಇದೇ ಮಾತನ್ನು ತಿರುಚಿ ರೋಗಿಗಳಿಗೆ ಅನ್ಯಾಯ ಮಾಡುವುದನ್ನೂ ನಾವು ನೋಡುತ್ತೇವೆ. ಎಂಡೋಸ್ಕೋಪಿ ಮಾಡಿಸಿದರು, ಹುಣ್ಣಿಲ್ಲ, ಗಂಟಿಲ್ಲ. "ಏನೂ ಇಲ್ಲಮ್ಮ, ಎಲ್ಲ ಟೆನ್ಷನ್" ಎಂದು ಕಳಿಸಿಬಿಡುತ್ತಾರೆ. ಎಂಡೋಸ್ಕೋಪಿ ಜಠರದ ಒಳಮೈ ತೋರಿಸುತ್ತದೆ. ನರ ಕೆಲಸ ಮಾಡುತ್ತಿದೆಯೋ ಇಲ್ಲವೋ ಅದರಲ್ಲಿ ಕಾಣುವುದಿಲ್ಲ. ದಾರಿಯಲ್ಲಿ ಯಾವ ಅಡ್ಡಿಯೂ ಇಲ್ಲದೆ ಜಠರ ನಿಧಾನವಾಗಿ ಖಾಲಿಯಾಗುವ ಈ ಸ್ಥಿತಿಗೆ ಗ್ಯಾಸ್ಟ್ರೋಪರೆಸಿಸ್ ಎನ್ನುತ್ತಾರೆ. ಬಹುಕಾಲ ಸಕ್ಕರೆ ಕಾಯಿಲೆ ಇದ್ದವರಲ್ಲಿ ಇದು ಬರಬಹುದು. ಏರಿದ ಸಕ್ಕರೆ ವರ್ಷಾನುಗಟ್ಟಲೆ ವೇಗಸ್ ಎಳೆಗಳನ್ನೂ, ಗೋಡೆಯೊಳಗಿನ ನರಗಳನ್ನೂ, ಆ ಕಹಾಲ್ ಕೋಶಗಳನ್ನೂ ಹಾಳು ಮಾಡುತ್ತದೆ. ಕೆಲವರಿಗೆ ವೈರಸ್ ಸೋಂಕಿನ ನಂತರ ಬರುತ್ತದೆ, ಅನ್ನನಾಳದ ಬುಡದಲ್ಲಿ ಆಪರೇಷನ್ ಮಾಡುವಾಗ ವೇಗಸ್‌ಗೆ ಪೆಟ್ಟಾಗಿಯೂ ಬರುತ್ತದೆ. ಎಷ್ಟೋ ಜನರಲ್ಲಿ ಕಾರಣವೇ ಸಿಗುವುದಿಲ್ಲ.

ಇಲ್ಲೂ ಮೊದಲು ಕೆಡುವುದು ಸಾಮಾನ್ಯವಾಗಿ ಗಟ್ಟಿ ಊಟ ಇಳಿಯುವುದು. ದ್ರವ ಬಹಳ ದಿನ ಸರಿಯಾಗೇ ಇರುತ್ತದೆ. ಹಾಗಾಗಿ ಬರೀ ದ್ರವ ಕುಡಿಸಿ ಪರೀಕ್ಷೆ ಮಾಡಿದರೆ ಕಾಯಿಲೆ ತಪ್ಪಿಸಿಕೊಳ್ಳಬಹುದು. ಸರಿಯಾದ ಪರೀಕ್ಷೆಯಲ್ಲಿ ಮೊಟ್ಟೆಯ ಬಿಳಿಭಾಗಕ್ಕೆ ಟೆಕ್ನೀಷಿಯಂ ಎಂಬ ವಿಕಿರಣ ಧಾತುವನ್ನು ತೀರಾ ಸ್ವಲ್ಪ ಸೇರಿಸಿ, ಬ್ರೆಡ್ಡು, ಜಾಮ್, ನೀರಿನ ಜೊತೆ ಕೊಡುತ್ತಾರೆ. ಆಮೇಲೆ 4 ಗಂಟೆಯವರೆಗೆ ಆಗಾಗ ಚಿತ್ರ ತೆಗೆಯುತ್ತಾರೆ. 4 ಗಂಟೆಯಾದರೂ ಶೇ. 10ಕ್ಕಿಂತ ಜಾಸ್ತಿ ಉಳಿದಿದ್ದರೆ ನಿಧಾನ ಎಂದರ್ಥ. ಕೆಲವು ಕಡೆ ಎರಡೇ ಗಂಟೆಗೆ ಪರೀಕ್ಷೆ ಮುಗಿಸುತ್ತಾರೆ. ನನ್ನ ಮಟ್ಟಿಗೆ ಅದು ಸಾಲದು, ಕೊನೆಯ ಎರಡು ಗಂಟೆಯಲ್ಲೇ ಎಷ್ಟೋ ಜನರ ತೊಂದರೆ ಬಯಲಾಗುತ್ತದೆ. ಆ ದಿನ ರಕ್ತದಲ್ಲಿ ಸಕ್ಕರೆ ತೀರಾ ಏರಿರಬಾರದು. ಏರಿದ ಸಕ್ಕರೆಯೇ ಜಠರವನ್ನು ನಿಧಾನ ಮಾಡುತ್ತದೆ.

ಇನ್ಸುಲಿನ್ ಹಾಕಿಕೊಳ್ಳುವವರಿಗೆ ಇದು ಬರೀ ಹೊಟ್ಟೆಯ ವಿಷಯವಲ್ಲ. ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಂಡರು. ಇನ್ಸುಲಿನ್ ಹೊತ್ತಿಗೆ ಸರಿಯಾಗಿ ಕೆಲಸ ಶುರು ಮಾಡಿತು. ಊಟ ಜಠರದಲ್ಲೇ ಇದೆ. ಸಕ್ಕರೆ ದಿಢೀರ್ ಇಳಿಯುತ್ತದೆ. ಕೆಲವು ಗಂಟೆ ಬಿಟ್ಟು ಊಟ ಇಳಿದಾಗ ಇನ್ಸುಲಿನ್ ಪ್ರಭಾವ ಮುಗಿದಿರುತ್ತದೆ, ಸಕ್ಕರೆ ಏರುತ್ತದೆ. ಕಾರಣವಿಲ್ಲದೆ ಸಕ್ಕರೆ ಹೀಗೆ ಏರಿಳಿಯುತ್ತಿದ್ದರೆ ಜಠರದ ಕಡೆಗೂ ಒಮ್ಮೆ ನೋಡಬೇಕು.

ಚಿಕಿತ್ಸೆಯ ಮೊದಲ ಹೆಜ್ಜೆಯೂ ಇದೇ ತಿಳುವಳಿಕೆಯಿಂದ ಬರುತ್ತದೆ. ಜಠರ ಅರೆಯಲಾರದು ಎಂದಾದರೆ ಹೊರಗೇ ಅರೆದು ಕೊಡಿ. ಮೆತ್ತಗೆ ಬೇಯಿಸಿದ್ದು, ಮಿಕ್ಸಿಯಲ್ಲಿ ನುಣ್ಣಗೆ ಮಾಡಿದ್ದು, ಸೂಪ್. ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ಐದಾರು ಸಲ. ಕೊಬ್ಬು ಕಡಿಮೆ, ಯಾಕೆಂದರೆ ಕರುಳಿನ ತಡೆಯನ್ನು ಅದು ಎಲ್ಲಕ್ಕಿಂತ ಜೋರಾಗಿ ಎಬ್ಬಿಸುತ್ತದೆ. ಒರಟು ನಾರೂ ಕಡಿಮೆ. ಔಷಧಿಗಳಲ್ಲಿ ಮೆಟೊಕ್ಲೊಪ್ರಮೈಡ್, ಡೊಂಪೆರಿಡೋನ್, ಎರಿಥ್ರೊಮೈಸಿನ್ ಇವೆ. ಮೆಟೊಕ್ಲೊಪ್ರಮೈಡ್ ತಿಂಗಳುಗಟ್ಟಲೆ ತೆಗೆದುಕೊಂಡರೆ ಮುಖ, ನಾಲಿಗೆ ತಾನಾಗಿ ಅಲುಗುವ ತೊಂದರೆ ಬರಬಹುದು, ಅದು ಔಷಧಿ ನಿಲ್ಲಿಸಿದ ಮೇಲೂ ಉಳಿಯಬಹುದು. ಡೊಂಪೆರಿಡೋನ್ ಕೆಲವರಲ್ಲಿ ಹೃದಯದ ಲಯ ಕೆಡಿಸುತ್ತದೆ. ಅಂಗಡಿಯಿಂದ ತಾವೇ ತಂದು ನುಂಗುವ ಮಾತ್ರೆಗಳಲ್ಲ ಇವು. ದಯವಿಟ್ಟು ವೈದ್ಯರನ್ನು ಕೇಳಿ.

ಉಪನ್ಯಾಸ ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬರು ಕೇಳಿದರು: "ಆಪರೇಷನ್‌ಗೆ ಮುಂಚೆ ನೀರಿಗೆ ಎರಡು ಗಂಟೆ, ಊಟಕ್ಕೆ ಆರು ಗಂಟೆ ಅಂತಾರಲ್ಲ ಸಾರ್, ಅದೂ ಇದಕ್ಕೇನಾ?" ಹೌದು, ಇದಕ್ಕೇ. ಅರಿವಳಿಕೆ ಕೊಟ್ಟಾಗ ಜಠರದಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗಬಾರದು. ತಿಳಿಯಾದ ದ್ರವಕ್ಕೆ 2 ಗಂಟೆ ಸಾಕು. ಹಗುರ ಊಟಕ್ಕೆ 6 ಗಂಟೆ, ಕೊಬ್ಬಿನ ಊಟಕ್ಕೆ 8 ಗಂಟೆ ಅಥವಾ ಇನ್ನೂ ಜಾಸ್ತಿ ಬೇಕು. ಆದರೆ ಈ ಲೆಕ್ಕ ಆರೋಗ್ಯವಂತ ಜಠರದ್ದು. ಗ್ಯಾಸ್ಟ್ರೋಪರೆಸಿಸ್ ಇದ್ದವರು, ತೂಕಕ್ಕೋ ಸಕ್ಕರೆಗೋ ಸೆಮಾಗ್ಲುಟೈಡ್ ತರಹದ ಔಷಧಿ ತೆಗೆದುಕೊಳ್ಳುವವರು ಅದನ್ನು ಅರಿವಳಿಕೆ ವೈದ್ಯರಿಗೆ ಮೊದಲೇ ಹೇಳಲೇಬೇಕು. ಆ ಔಷಧಿಗಳು ಕರುಳಿನ ಜಿಎಲ್‌ಪಿ-1 ಹಾರ್ಮೋನಿನ ಹಾಗೆ ಕೆಲಸ ಮಾಡಿ ಜಠರವನ್ನು ನಿಧಾನ ಮಾಡುತ್ತವೆ, ಅದರಲ್ಲೂ ಶುರುವಿನ ವಾರಗಳಲ್ಲಿ.

ಇನ್ನೊಬ್ಬರ ತಂದೆಗೆ ಪಾರ್ಕಿನ್ಸನ್ ಕಾಯಿಲೆ. ಮಾತ್ರೆ ಒಂದೊಂದು ದಿನ ಅರ್ಧ ಗಂಟೆಗೇ ಹತ್ತುತ್ತದೆ, ಒಂದೊಂದು ದಿನ ಎಷ್ಟು ಹೊತ್ತಾದರೂ ಇಲ್ಲ, ಯಾಕೆ ಎಂದು ಕೇಳಿದರು. ಪಾರ್ಕಿನ್ಸನ್‌ನಲ್ಲಿ ವೇಗಸ್ ಹೊರಡುವ ಮೆದುಳಿನ ಬುಡದ ಕೋಶಗಳಿಗೂ, ಜಠರದ ಗೋಡೆಯ ನರಗಳಿಗೂ ಹಾನಿಯಾಗುತ್ತದೆ. ಜಠರ ನಿಧಾನವಾಗುತ್ತದೆ. ಪಾರ್ಕಿನ್ಸನ್‌ಗೆ ಕೊಡುವ ಔಷಧಿ ಲೆವೊಡೋಪಾ ರಕ್ತಕ್ಕೆ ಸೇರುವುದು ಸಣ್ಣ ಕರುಳಿನಲ್ಲಿ. ಮಾತ್ರೆ ಜಠರದಲ್ಲೇ ಕೂತಿದ್ದರೆ ಅದರ ಫಲ ಮೆದುಳಿಗೆ ಸಿಗುವುದಿಲ್ಲ. ಡೋಸ್ ಕಡಿಮೆಯಾಯಿತೇನೋ ಎಂದು ಮನೆಯವರು ಇನ್ನೊಂದು ಮಾತ್ರೆ ಕೊಡುತ್ತಾರೆ, ಎರಡೂ ಒಟ್ಟಿಗೆ ಇಳಿದು ಕೈಕಾಲು ಅತಿಯಾಗಿ ಅಲುಗಲು ಶುರುವಾಗುತ್ತದೆ. ಮಾತ್ರೆಯನ್ನು ಊಟಕ್ಕೆ ಸಾಕಷ್ಟು ಮುಂಚೆ, ತುಂಬು ಲೋಟ ನೀರಿನ ಜೊತೆ ಕೊಡುವುದು ಮೊದಲ ಹೆಜ್ಜೆ. ನೀರಿನಲ್ಲಿ ಕರಗಿಸಿ ಕುಡಿಯುವ ಲೆವೊಡೋಪಾ ಕೂಡ ಇದೆ, ಅದು ದ್ರವದ ದಾರಿ ಹಿಡಿಯುವುದರಿಂದ ಬೇಗ ಇಳಿಯುತ್ತದೆ. ನಿಮ್ಮ ತಂದೆಯವರಿಗೆ ಅದು ಹೊಂದುತ್ತದೆಯೇ ಎಂದು ನರರೋಗ ತಜ್ಞರನ್ನು ಕೇಳಿ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಮಾತ್ರ ಮನೆಯಲ್ಲಿ ಪುಡಿ ಮಾಡಿ ಕರಗಿಸಲು ಹೋಗಬೇಡಿ. ಹಲವು ಗಂಟೆಗಳಿಗೆಂದು ಇಟ್ಟ ಔಷಧಿ ಒಂದೇ ಸಲ ರಕ್ತ ಸೇರಿಬಿಡುತ್ತದೆ.